ದೇವರ ಹೆಸರು ಅಳಿಸಬೇಡಿ, ಅದರ ಭಾರ ಹೊರಿ: ಶಾಸಕರಿಗೊಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರೇ,

ನಮಸ್ಕಾರ. ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾವ ಪಕ್ಷಕ್ಕೂ ಸೇರಿದವನಲ್ಲ. ದೇವರನ್ನು ನಂಬುತ್ತೇನೆ. ಹಿರಿಯರು ಬಿಟ್ಟುಹೋದ ಪದ್ಧತಿಗಳನ್ನು ಸುಮ್ನೆ ಕಿತ್ತೊಗೆಯಬಾರದು ಅಂತ ನಂಬುತ್ತೇನೆ. ಸಂಪ್ರದಾಯವಾದಿ ಅಂತ ಯಾರಾದರೂ ಕರೆದರೆ ನನಗೆ ಬೇಜಾರಿಲ್ಲ.

ಸರ್ಕಾರಿ ಕಚೇರಿಯಲ್ಲಿ ದೇವರ ಪಟ ಯಾಕೆ, ಆಯುಧಪೂಜೆ ಯಾಕೆ, ಸರ್ಕಾರ ನಡೆಸುವ ಹಬ್ಬದಲ್ಲಿ ಅರ್ಚನೆ ಯಾಕೆ, ಪ್ರಮಾಣವಚನದಲ್ಲಿ ದೇವರು ಯಾಕೆ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಅದೇ ದೇವರ ಹೆಸರನ್ನು ಕೂಗಿ ಎದುರಿನವನ ಬಾಯಿ ಮುಚ್ಚಿಸುವವರೂ ಜಾಸ್ತಿ ಆಗಿದ್ದಾರೆ. ಈ ಎರಡು ಗದ್ದಲದ ನಡುವೆ ನನ್ನಂಥವರ ಮಾತು ಯಾರಿಗೂ ಕೇಳಿಸುತ್ತಿಲ್ಲ. ಅದಕ್ಕೇ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಸರ್ಕಾರದಲ್ಲಿ, ಸಾರ್ವಜನಿಕ ಬದುಕಿನಲ್ಲಿ ದೇವರ ಹೆಸರು ಉಳಿಯಬೇಕು. ಅದು ಪ್ರಜೆಯ ಮೇಲೆ ಬೀಸುವ ಚಾಟಿ ಆಗಬಾರದು. ಕುರ್ಚಿಯಲ್ಲಿ ಕೂತವರ ಮೂಗುದಾರ ಆಗಿರಬೇಕು. ನನ್ನ ಇಡೀ ಪತ್ರ ಇಷ್ಟೇ.

ನೀವು ಕೂರುವ ವಿಧಾನಸೌಧದಿಂದಲೇ ಶುರು ಮಾಡುತ್ತೇನೆ. 1951ರ ಜುಲೈ 13ರಂದು ನೆಹರೂ ಅದಕ್ಕೆ ಅಡಿಗಲ್ಲು ಹಾಕಿದರು. ಹಟ ಹಿಡಿದು ಕಟ್ಟಿಸಿದವರು ಕೆಂಗಲ್ ಹನುಮಂತಯ್ಯನವರು. 1956ರ ಹೊತ್ತಿಗೆ ಕಟ್ಟಡ ಮುಗಿಯಿತು. ಅದರ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಸಾಲು ಇದೆ. ಹನುಮಂತಯ್ಯನವರು ವಕೀಲರು, ಕಾಂಗ್ರೆಸ್ಸಿಗರು, ಸಂವಿಧಾನ ರಚನಾ ಸಭೆಯಲ್ಲಿ ಕೂತು ಬಂದವರು. ಸರ್ಕಾರಕ್ಕೂ ಮಠಕ್ಕೂ ಇರುವ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಸಾಲು ಅಲ್ಲಿ ಬಂತು. ಅದು ಯಾವ ದೇವರು ಅಂತ ಹೇಳುವುದಿಲ್ಲ. ಪೂಜೆ ಮಾಡಿ ಅಂತಲೂ ಹೇಳುವುದಿಲ್ಲ. ಒಳಗೆ ಕೂತು ಸಹಿ ಹಾಕುವವನಿಗೆ ಹೇಳಿದ ಮಾತು ಅದು: ನಿನ್ನ ಮೇಜಿನ ಮೇಲಿರುವ ಕಡತ ನಿನ್ನಪ್ಪನ ಆಸ್ತಿಯಲ್ಲ, ನೀನು ಇದಕ್ಕೆ ಲೆಕ್ಕ ಕೊಡಬೇಕು.

ಊಟದ ಹೊತ್ತು ಮುಗಿದು ಎಷ್ಟೋ ಹೊತ್ತಾದರೂ ಸೀಟಿಗೆ ಬಾರದ ನೌಕರನನ್ನು ಕಂಡರೆ ಜನ ಇದೇ ಸಾಲನ್ನು ಹೇಳಿ ನಗುತ್ತಾರೆ. ಆ ನಗು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಆದರೆ ಆ ಸಾಲು ಅಲ್ಲಿ ಇರುವುದರಿಂದಲೇ ಜನ ನಮ್ಮನ್ನು ಹಿಡಿದು ಕೇಳಬಲ್ಲರು. ಅದನ್ನು ಅಳಿಸಿದರೆ ನೌಕರ ಬೇಗ ಸೀಟಿಗೆ ಬರುತ್ತಾನಾ? ಕೇಳುವವನ ಕೈಯಲ್ಲಿದ್ದ ಒಂದು ಮಾತು ಹೋಗುತ್ತದೆ, ಅಷ್ಟೇ.

ಇದು ಹನುಮಂತಯ್ಯನವರ ಕಾಲಕ್ಕೆ ಹುಟ್ಟಿದ ವಿಚಾರವೂ ಅಲ್ಲ. ವಿಜಯನಗರದ ದೊರೆಗಳ ತಾಮ್ರಶಾಸನ ನೋಡಿದ್ದೀರಾ? ಶಾಸನದ ಭಾಷೆ ಸಂಸ್ಕೃತ, ಲಿಪಿ ನಾಗರಿ ಇದ್ದರೂ ಕೊನೆಯಲ್ಲಿ ದೊರೆಯ ಅಂಕಿತ ಮಾತ್ರ ದಪ್ಪ ಕನ್ನಡ ಅಕ್ಷರದಲ್ಲಿರುತ್ತದೆ: ‘ಶ್ರೀ ವಿರೂಪಾಕ್ಷ’. ಹಂಪಿಯ ಸ್ವಾಮಿಯ ಹೆಸರದು. ಅಷ್ಟು ದೊಡ್ಡ ರಾಜ್ಯ ಆಳುವವನು ಭೂಮಿ ದಾನ ಕೊಡುವಾಗ ತನ್ನ ಹೆಸರಿನ ರುಜು ಹಾಕುತ್ತಿರಲಿಲ್ಲ. ಇದು ನನ್ನದಲ್ಲ, ಅವನದು, ನಾನು ನೋಡಿಕೊಳ್ಳುವವನು ಅಂತ ಒಪ್ಪಿ ರುಜು ಹಾಕುತ್ತಿದ್ದ.

ಹಾಗೆ ರುಜು ಹಾಕಿದ ಮನೆತನದ ಬುಕ್ಕರಾಯ ಏನು ಮಾಡಿದ ಅನ್ನುವುದು ಶ್ರವಣಬೆಳಗೊಳದ 1368ರ ಶಾಸನದಲ್ಲಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯ ಆಗುತ್ತಿದೆ ಅಂತ ಜೈನರು ಅವನ ಬಳಿ ದೂರು ತಂದರು. ಜೈನರು ಸಂಖ್ಯೆಯಲ್ಲಿ ಕಡಿಮೆ. ಶ್ರೀವೈಷ್ಣವರ ಹಿಂದೆ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರಿದ್ದರು. ರಾಯ ಎಲ್ಲರನ್ನೂ ಕರೆಸಿದ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ, ಜೈನರ ಪಂಚವಾದ್ಯಕ್ಕೂ ಕಳಶಕ್ಕೂ ಯಾರೂ ಅಡ್ಡಿ ಮಾಡಕೂಡದು ಅಂತ ಕಲ್ಲಿನ ಮೇಲೆ ಬರೆಸಿದ. ಬೆಳಗೊಳದ ದೇವರಿಗೆ ಕಾವಲು ಇಡುವ ಹೊಣೆಯನ್ನು ವೈಷ್ಣವರಿಗೇ ಒಪ್ಪಿಸಿದ. ದೇವರ ಹೆಸರಿನಲ್ಲಿ ರುಜು ಹಾಕುವ ದೊರೆ ತನ್ನವರ ಪಕ್ಷ ವಹಿಸುತ್ತಾನೆ ಅನ್ನುವವರು ಆ ಕಲ್ಲನ್ನು ಒಮ್ಮೆ ಓದಬೇಕು. ಮೈಸೂರಿನಲ್ಲೂ ಅಷ್ಟೇ. ಚಾಮುಂಡಿಗೆ ನಡೆದುಕೊಳ್ಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರೇ 1933ರಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಹಾಕಿದ್ದು. ಅವರ ದಿವಾನರು ಮಿರ್ಜಾ ಇಸ್ಮಾಯಿಲ್.

ಈಗ ದಸರೆಯ ಮಾತು. ಹಿಂದೆ ವಿಜಯದಶಮಿ ದಿನ ಆನೆಯ ಮೇಲಿನ ಚಿನ್ನದ ಅಂಬಾರಿಯಲ್ಲಿ ಅರಸರು ಕೂರುತ್ತಿದ್ದರು. ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾದ ಆ ಕಾಲಕ್ಕೆ ಅರಸರ ಸವಾರಿ ನಿಂತಿತು. 750 ಕೆಜಿಯ ಅಂಬಾರಿ ಖಾಲಿಯಾಯಿತು. ಜನ ಆರಿಸಿ ಕಳಿಸಿದ ಮುಖ್ಯಮಂತ್ರಿಯನ್ನು ಅಲ್ಲಿ ಕೂರಿಸಬಹುದಿತ್ತು. ರಾಜನ ಜಾಗಕ್ಕೆ ಪ್ರಜೆಗಳ ಪ್ರತಿನಿಧಿ ಬಂದ ಅಂತ ಭಾಷಣವನ್ನೂ ಮಾಡಬಹುದಿತ್ತು. ನಮ್ಮ ಹಿರಿಯರು ಹಾಗೆ ಮಾಡಲಿಲ್ಲ. ತಾಯಿ ಚಾಮುಂಡೇಶ್ವರಿಯ ಮೂರ್ತಿಯನ್ನು ಕೂರಿಸಿದರು. ಇವತ್ತಿಗೂ ಅರಮನೆ ಅಂಗಳದಲ್ಲಿ ಮುಖ್ಯಮಂತ್ರಿ ನಿಂತು ಹೂವು ಹಾಕಿ ಕೈಮುಗಿಯುತ್ತಾರೆ. ರಾಷ್ಟ್ರಗೀತೆ ಮೊಳಗುತ್ತದೆ, 21 ಕುಶಾಲತೋಪು ಹಾರುತ್ತವೆ, ಆನೆ ಹೆಜ್ಜೆ ಹಾಕುತ್ತದೆ. ಅಂಬಾರಿಯಲ್ಲಿ ಮನುಷ್ಯ ಕೂರುವುದಿಲ್ಲ ಅನ್ನುವುದು ನನಗೆ ಪ್ರಜಾಪ್ರಭುತ್ವದ ದೊಡ್ಡ ಪಾಠವಾಗಿ ಕಾಣುತ್ತದೆ. ಐದು ವರ್ಷಕ್ಕೊಮ್ಮೆ ಬದಲಾಗುವವರು ಆ ಎತ್ತರಕ್ಕೆ ಆಸೆ ಪಡಬಾರದು.

ದಸರೆ ಉದ್ಘಾಟನೆಗೆ 2017ರಲ್ಲಿ ಕವಿ ನಿಸಾರ್ ಅಹಮದ್ ಬಂದರು. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಬಂದರು. ಎರಡನೆಯ ಸಲ, ಹಿಂದೂ ಅಲ್ಲದವರು ಉದ್ಘಾಟಿಸಬಾರದು ಅನ್ನುವ ಗಲಾಟೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಅರ್ಜಿ ಬಿದ್ದುಹೋಯಿತು. ನನ್ನ ಕೆಲವು ಗೆಳೆಯರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ತಾಯಿಯ ಮುಂದೆ ಬಂದು ಗೌರವದಿಂದ ಹೂವು ಹಾಕುವವರನ್ನು ತಡೆಯುವ ಅಧಿಕಾರ ನಮಗಿಲ್ಲ. ಹಾಗೆಯೇ, ಎಲ್ಲರಿಗೂ ಹೊಂದಲಿ ಅಂತ ಆ ಹೂವು, ಆ ದೀಪ, ಆ ಮಂತ್ರಗಳನ್ನೇ ತೆಗೆದು ಹಬ್ಬವನ್ನು ಬರೀ ಮೆರವಣಿಗೆ ಮಾಡುವ ಅಧಿಕಾರ ಸರ್ಕಾರಕ್ಕೂ ಇಲ್ಲ.

ಇಲ್ಲಿ ನೀವು ಕೇಳಬಹುದು, ನಂಬದವರ ಗತಿ ಏನು? ನ್ಯಾಯವಾದ ಪ್ರಶ್ನೆ. ಇದನ್ನು ನಮಗಿಂತ ಮೊದಲು, ನಮಗಿಂತ ದೊಡ್ಡವರು ಕೇಳಿಕೊಂಡಿದ್ದರು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ ನಡೆಯಿತು. ಎಚ್.ವಿ. ಕಾಮತ್ ಒಂದು ತಿದ್ದುಪಡಿ ತಂದರು. ಕಾಮತರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, ಐಸಿಎಸ್ ನೌಕರಿ ಬಿಟ್ಟು ಸ್ವಾತಂತ್ರ್ಯದ ಹೋರಾಟಕ್ಕೆ ಇಳಿದವರು. ‘ಭಾರತದ ಜನರಾದ ನಾವು’ ಅನ್ನುವುದಕ್ಕೆ ಮೊದಲು ‘ದೇವರ ಹೆಸರಿನಲ್ಲಿ’ ಅಂತ ಸೇರಿಸಬೇಕು ಅನ್ನುವುದು ಅವರ ಕೋರಿಕೆ. ಹೃದಯನಾಥ ಕುಂಜ್ರು ಎದ್ದು ವಿರೋಧಿಸಿದರು. ಇದೇ ಪೀಠಿಕೆಯಲ್ಲಿ ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಅಂತ ಹೇಳಿ, ಎಲ್ಲರ ಬಾಯಲ್ಲೂ ದೇವರ ಹೆಸರು ಹೇಳಿಸುವುದು ಸರಿಯಾ ಅಂತ ಕೇಳಿದರು. ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ಬೇಡ ಅಂತ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ. ಮತ ಎಣಿಸಿದರು. ಪರವಾಗಿ 41, ವಿರುದ್ಧ 68.

ಆ ದಿನ ಸೋತ 41 ಮಂದಿಯ ಕಡೆಗೇ ನನ್ನ ಮನಸ್ಸು. ಆದರೆ ಆ ಸಭೆಯ ಮೇಲೆ ನನಗೆ ಕೋಪ ಇಲ್ಲ. ಅಧ್ಯಕ್ಷ ಪೀಠದಲ್ಲಿದ್ದ ರಾಜೇಂದ್ರ ಪ್ರಸಾದರ ದೈವಭಕ್ತಿ ಇಡೀ ದೇಶಕ್ಕೆ ಗೊತ್ತಿತ್ತು. ತಿದ್ದುಪಡಿಯನ್ನು ವಾಪಸ್ ತೆಗೆದುಕೊಳ್ಳಿ ಅಂತ ಅವರೂ ಹೇಳಿದ್ದರು. ಇಂಥವರೆಲ್ಲ ದೇವರು ಬೇಡ ಅಂದವರಲ್ಲ, ಒತ್ತಾಯ ಬೇಡ ಅಂದವರು. ಅದೇ ಸಂವಿಧಾನದ ಕೈಬರಹದ ಪ್ರತಿಯನ್ನು ತೆರೆದು ನೋಡಿ. ನಂದಲಾಲ ಬೋಸರು ಮತ್ತು ಅವರ ಶಿಷ್ಯರು ಬರೆದ ಚಿತ್ರಗಳಿವೆ. ಮೂಲಭೂತ ಹಕ್ಕುಗಳ ಭಾಗ ಶುರುವಾಗುವ ಪುಟದಲ್ಲಿ ರಾಮ, ಸೀತೆ, ಲಕ್ಷ್ಮಣ. ನಿರ್ದೇಶಕ ತತ್ವಗಳ ಭಾಗಕ್ಕೆ ಅರ್ಜುನನಿಗೆ ಗೀತೆ ಹೇಳುವ ಕೃಷ್ಣ. ಬುದ್ಧ ಇದ್ದಾನೆ, ಮಹಾವೀರ ಇದ್ದಾನೆ, ಅಕ್ಬರ್ ಇದ್ದಾನೆ, ಗುರು ಗೋವಿಂದ ಸಿಂಗರು ಇದ್ದಾರೆ. ಲಾಂಛನದ ಕೆಳಗಿನ ‘ಸತ್ಯಮೇವ ಜಯತೇ’ ಮುಂಡಕೋಪನಿಷತ್ತಿನದು. ಸುಪ್ರೀಂ ಕೋರ್ಟಿನ ‘ಯತೋ ಧರ್ಮಸ್ತತೋ ಜಯಃ’ ಮಹಾಭಾರತದ್ದು. ಯಾರ ಮೇಲೂ ಹೇರದೆ, ಯಾರಿಂದಲೂ ಮುಚ್ಚಿಡದೆ ನಂಬಿಕೆಯನ್ನು ಸಾರ್ವಜನಿಕ ಬದುಕಿನಲ್ಲಿ ಇಡುವುದು ಹೇಗೆ ಅಂತ ಆ ಪೀಳಿಗೆಗೆ ಗೊತ್ತಿತ್ತು.

1976ರಲ್ಲಿ, ತುರ್ತು ಪರಿಸ್ಥಿತಿ ಇದ್ದಾಗ, 42ನೇ ತಿದ್ದುಪಡಿ ಬಂದು ಪೀಠಿಕೆಗೆ ‘ಜಾತ್ಯತೀತ’ ಸೇರಿತು. ವಿರೋಧ ಪಕ್ಷದ ಎಷ್ಟೋ ನಾಯಕರು ಜೈಲಿನಲ್ಲಿದ್ದರು. ಅದು ಬಂದ ರೀತಿ ನನಗೆ ಇಂದಿಗೂ ಒಪ್ಪಿಗೆ ಇಲ್ಲ. ಆದರೆ 2024ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದನ್ನು ಕಿತ್ತುಹಾಕಿ ಅಂತ ನಾನು ಕೇಳುತ್ತಿಲ್ಲ. ಅದರ ನೆಪ ಹೇಳಿ ಉಳಿದದ್ದನ್ನೆಲ್ಲ ಒರೆಸಬೇಡಿ ಅಂತ ಕೇಳುತ್ತಿದ್ದೇನೆ.

ನಿಮ್ಮ ಪ್ರಮಾಣವಚನದಲ್ಲೇ ಈ ಹದ ಇದೆ. ಸಂವಿಧಾನದ ಮೂರನೇ ಅನುಸೂಚಿ ಎರಡು ದಾರಿ ಕೊಟ್ಟಿದೆ: ದೇವರ ಹೆಸರಿನಲ್ಲಿ, ಇಲ್ಲವೇ ಸತ್ಯನಿಷ್ಠೆಯಿಂದ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರಂಥ ವಿಚಾರವಾದಿಗೆ ಎರಡನೆಯ ದಾರಿ ಇದೆ. ಹಾಸ್ಟೆಲ್ ಕೋಣೆಯಲ್ಲಿ ಬದುಕು ಕಳೆದ ಅವರ ಪ್ರಾಮಾಣಿಕತೆ ಯಾವ ಭಕ್ತನಿಗೂ ಕಡಿಮೆ ಇರಲಿಲ್ಲ. ಆ ದಾರಿ ಹಿಡಿದವರನ್ನು ಯಾರೂ ಕೀಳಾಗಿ ಕಾಣಬಾರದು. ಆದರೆ ಇತ್ತೀಚೆಗೆ ಮೂರನೆಯದು, ನಾಲ್ಕನೆಯದು ಶುರುವಾಗಿದೆ. 2023ರ ಮೇ ತಿಂಗಳಲ್ಲಿ ಮಂತ್ರಿಗಳು ಪ್ರಮಾಣ ತೆಗೆದುಕೊಂಡಾಗ ಒಬ್ಬರು ತಾವು ನಂಬಿದ ಅಜ್ಜನ ಹೆಸರು ಹೇಳಿದರು, ಇನ್ನೊಬ್ಬರು ಬುದ್ಧ ಬಸವ ಅಂಬೇಡ್ಕರರ ಹೆಸರು ಹೇಳಿದರು. ಅವರ ಭಕ್ತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಎಲ್ಲ ಪಕ್ಷದವರೂ ಇದನ್ನು ಮಾಡಿದ್ದಾರೆ. ಆದರೆ ಪ್ರಮಾಣ ನಮ್ಮ ಇಷ್ಟಕ್ಕೆ ಹೊಲಿಸಿಕೊಳ್ಳುವಂಥದ್ದಲ್ಲ. ಎಲ್ಲರೂ ಒಂದೇ ಮಾತನ್ನು ಹೇಳಿ ಒಂದೇ ಕಟ್ಟಿಗೆ ಒಳಗಾಗುವುದರಲ್ಲೇ ಅದರ ಬಲ ಇದೆ.

ಮಂತ್ರಿಗಳ ಪ್ರಮಾಣದ ಉಳಿದ ಭಾಗ ಇನ್ನೂ ಭಾರವಾದದ್ದು. ಭಯ ಇಲ್ಲದೆ, ಪಕ್ಷಪಾತ ಇಲ್ಲದೆ, ರಾಗ ದ್ವೇಷ ಇಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಮಾಡುತ್ತೇನೆ ಅಂತ ಅದರಲ್ಲಿದೆ. ದೇವರ ಹೆಸರಿನಲ್ಲಿ ಇಷ್ಟು ಹೇಳಿದವರು ಹೊರಗೆ ಬಂದು, ನಮಗೆ ಓಟು ಹಾಕದ ಊರಿಗೆ ರಸ್ತೆ ಇಲ್ಲ ಅಂದರೆ ಹೇಗೆ? 2011ರ ಜೂನ್‌ನಲ್ಲಿ ಇಬ್ಬರು ದೊಡ್ಡ ನಾಯಕರು ಧರ್ಮಸ್ಥಳದಲ್ಲಿ ಆಣೆ ಮಾಡುವ ಸವಾಲು ಹಾಕಿಕೊಂಡರು. ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ಇಬ್ಬರೂ ಹೋದರು, ಪೂಜೆ ಮಾಡಿಸಿದರು. ಆಣೆ ಮಾತ್ರ ಆಗಲಿಲ್ಲ. ರಾಜಕೀಯದ ಜಗಳವನ್ನು ದೇವಸ್ಥಾನದ ಅಂಗಳಕ್ಕೆ ಎಳೆದದ್ದು ತಪ್ಪು. ಅಧಿಕಾರ ಹಿಡಿಯುವ ದಿನವೇ ಮಾಡಿದ ಪ್ರಮಾಣಕ್ಕೆ ಅಷ್ಟೇ ಅಂಜಿಕೆ ಇದ್ದಿದ್ದರೆ ಅಲ್ಲಿಗೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.

ಈ ಅಂಜಿಕೆ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ತಾಲ್ಲೂಕು ಕಚೇರಿಯಲ್ಲಿ ನನ್ನ ಜೊತೆ ಒಬ್ಬ ಕೇಸ್ ವರ್ಕರ್ ಇದ್ದ. ಅವನ ಮೇಜಿನ ಹಿಂದಿನ ಗೋಡೆಯಲ್ಲಿ ಲಕ್ಷ್ಮಿಯ ಪಟ. ಶುಕ್ರವಾರ ಬೆಳಿಗ್ಗೆ ಸೇವಂತಿಗೆ ಹಾರ, ಎರಡು ಊದುಬತ್ತಿ, ಬೀರುವಿನ ಬಾಗಿಲಿಗೆ ಅರಿಶಿನ ಕುಂಕುಮ. ಕೈ ಬಿಸಿ ಮಾಡದೆ ಕಡತ ಮುಂದೆ ಹೋಗುತ್ತಿರಲಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತು. ಗಂಡ ತೀರಿಕೊಂಡ ಒಬ್ಬ ಹೆಂಗಸು, ಗಂಡನ ಜಮೀನನ್ನು ತನ್ನ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಅಲೆಯುತ್ತಿದ್ದಳು. ಬಂದಾಗಲೆಲ್ಲ ‘ಕಡತ ಸಿಗ್ತಾ ಇಲ್ಲಮ್ಮ, ರೆಕಾರ್ಡ್ ರೂಮಲ್ಲಿ ಹುಡುಕ್ತಿದಾರೆ’ ಅನ್ನುತ್ತಿದ್ದ. ಒಂದು ದಿನ ಆಕೆ ಜಗಳ ಆಡಲಿಲ್ಲ, ಅಳಲೂ ಇಲ್ಲ. ಗೋಡೆ ಕಡೆ ಕೈ ತೋರಿಸಿ, ‘ಆ ತಾಯಿ ಪಟ ಮುಟ್ಟಿ ಹೇಳಪ್ಪ, ಸಿಕ್ಕಿಲ್ಲ ಅಂತ. ನಾನು ಇನ್ನು ಬರಲ್ಲ’ ಅಂದಳು. ಅವನು ತಲೆ ಎತ್ತಲಿಲ್ಲ. ಪಟದ ಕಡೆಗೂ ತಿರುಗಲಿಲ್ಲ. ಅಕ್ಕಪಕ್ಕದ ಮೇಜಿನವರೆಲ್ಲ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ತನ್ನದೇ ಬೀರು ತೆಗೆದ. ಕೆಳಗಿನ ಅರೆಯಿಂದ ಕಡತ ಹೊರಗೆ ಬಂತು.

ಆ ಪಟ ಗೋಡೆಯಲ್ಲಿ ಇರಬಾರದಿತ್ತು ಅನ್ನುವವರು ಆ ಹೆಂಗಸಿಗೆ ಏನು ಹೇಳುತ್ತೀರಿ? ಸಕಾಲ ಕಾಯ್ದೆ ಬೇಕು, ಲೋಕಾಯುಕ್ತ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಆಕೆಯ ಕೈಗೆ ಸಿಕ್ಕಿದ್ದು ಅವನ ನಂಬಿಕೆ ಒಂದೇ. ಅದೇ ಕಚೇರಿಯಲ್ಲಿ ಆ ಪಟಕ್ಕೆ ಕೈಮುಗಿಯದ ಸಹೋದ್ಯೋಗಿಯನ್ನು ಯಾರಾದರೂ ಕೆಣಕಿದ್ದರೆ ನಾನು ಅವನ ಪರ ನಿಲ್ಲುತ್ತಿದ್ದೆ. ರಾಷ್ಟ್ರಗೀತೆ ಹಾಡದ, ಆದರೆ ಗೌರವದಿಂದ ಎದ್ದು ನಿಂತ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದು ತಪ್ಪು ಅಂತ 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರ ಮತ ಅವರನ್ನು ತಡೆದಿತ್ತು. ನನ್ನ ದೇವರ ಬಗ್ಗೆಯೂ ನಾನು ಅಷ್ಟನ್ನೇ ಬಯಸುತ್ತೇನೆ. ಎದುರು ಗೌರವ ಇರಲಿ, ಬಲವಂತದ ನಮಸ್ಕಾರ ಬೇಡ.

ಇನ್ನು ಹುಂಡಿಯ ಮಾತು. ಇದು ನನ್ನಂಥವರಿಗೆ ತುಂಬಾ ನೋವಿನ ವಿಷಯ. ಸರ್ಕಾರಕ್ಕೆ ಧರ್ಮ ಇಲ್ಲ ಅಂತ ಹೇಳುವ ಸರ್ಕಾರವೇ ಮುಜರಾಯಿ ಇಲಾಖೆಯಿಂದ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳನ್ನು ನೋಡಿಕೊಳ್ಳುತ್ತದೆ. ಅವುಗಳಲ್ಲಿ ಬಹುಪಾಲು ‘ಸಿ’ ವರ್ಗದವು, ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ. ಅಲ್ಲಿನ ಅರ್ಚಕರ ತಸ್ತೀಕನ್ನು, ಅಂದರೆ ಪೂಜೆಗೆ ಸರ್ಕಾರ ಕೊಡುವ ಹಣವನ್ನು, 2025ರ ಬಜೆಟ್ಟಿನಲ್ಲಿ ವರ್ಷಕ್ಕೆ 72 ಸಾವಿರಕ್ಕೆ ಏರಿಸಿದರು. ತಿಂಗಳಿಗೆ 6 ಸಾವಿರ ಆಯಿತು. ಅದರಲ್ಲೇ ಎಣ್ಣೆ, ಬತ್ತಿ, ನೈವೇದ್ಯ. 2024ರ ಫೆಬ್ರವರಿಯಲ್ಲಿ ದೊಡ್ಡ ದೇವಸ್ಥಾನಗಳ ಆದಾಯದಲ್ಲಿ ಸಾಮಾನ್ಯ ನಿಧಿಗೆ ಹೆಚ್ಚು ಪಾಲು ತೆಗೆಯುವ ಮಸೂದೆ ಬಂದಾಗ ನಿಮ್ಮ ಪರಿಷತ್ತಿನಲ್ಲಿ ಬಿತ್ತು, ವಾರದೊಳಗೆ ಮತ್ತೆ ಬಂದು ಪಾಸಾಯಿತು. ದೊಡ್ಡ ದೇವಸ್ಥಾನದ ದುಡ್ಡು ಬಡ ದೇವಸ್ಥಾನಕ್ಕೆ ಹೋಗುವುದು ಒಳ್ಳೆಯದೇ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದು ನನ್ನ ಪ್ರಶ್ನೆ. ಭಕ್ತರು, ಅರ್ಚಕರು, ಊರಿನ ಹಿರಿಯರು ಸೇರಿ ಲೆಕ್ಕ ಇಡಲಿ. ಸರ್ಕಾರ ಆಡಿಟ್ ಮಾಡಲಿ, ಕಳ್ಳತನ ಆದರೆ ಹಿಡಿಯಲಿ, ಅಲ್ಲಿಗೆ ನಿಲ್ಲಲಿ. ಗೋಡೆಯ ಪಟ ಬೇಡ, ಹುಂಡಿಯ ಕೀಲಿ ಬೇಕು ಅನ್ನುವುದು ಯಾವ ನ್ಯಾಯಕ್ಕೂ ಕೂಡುವುದಿಲ್ಲ.

ಕೊನೆಯದಾಗಿ ಮಕ್ಕಳ ವಿಷಯ. 2025ರ ಏಪ್ರಿಲ್‌ನಲ್ಲಿ ಸಿಇಟಿ ಬರೆಯಲು ಹೋದ ಹುಡುಗರಿಗೆ ಬೀದರ್ ಮತ್ತು ಶಿವಮೊಗ್ಗದಲ್ಲಿ ಜನಿವಾರ ತೆಗೆಯಲು ಹೇಳಿದರು. ಬೀದರಿನ ಹುಡುಗ ಒಪ್ಪದೆ ಗಣಿತದ ಪರೀಕ್ಷೆಯನ್ನೇ ಕಳೆದುಕೊಂಡ. ಸರ್ಕಾರ ತಪ್ಪಾಯಿತು ಅಂದಿತು, ಕ್ರಮವನ್ನೂ ತೆಗೆದುಕೊಂಡಿತು. ನನಗೆ ಆ ದಿನ ಊಟ ಸೇರಲಿಲ್ಲ. ನೂಲಿನ ಎಳೆಯಲ್ಲಿ ಯಾರು ಏನು ಕಾಪಿ ಹೊಡೆಯುತ್ತಾರೆ? ಆದರೆ ಅದಕ್ಕೆ ಮರುಗಿದವನಾಗಿ 2022ರ ಹಿಜಾಬ್ ಗಲಾಟೆಯನ್ನು ಮರೆತಂತೆ ನಟಿಸಲಾರೆ. ಆ ವರ್ಷ ಫೆಬ್ರವರಿ 5ರಂದು ಸಮವಸ್ತ್ರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಒಪ್ಪಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪು ಕೊಟ್ಟರು. ಕಾನೂನು ಏನೇ ಇರಲಿ, ತಲೆ ಮುಚ್ಚಿಕೊಳ್ಳುವುದನ್ನು ಮನೆಯಲ್ಲಿ ಕಲಿತು ಬಂದ ಹುಡುಗಿಯನ್ನು ಗೇಟಿನ ಹೊರಗೆ ನಿಲ್ಲಿಸಿದ್ದನ್ನು ನೋಡಿ ಖುಷಿಪಟ್ಟವರು ಸಂಪ್ರದಾಯಸ್ಥರಲ್ಲ. ಮನೆಯ ಸಂಸ್ಕಾರ ದೊಡ್ಡದು ಅನ್ನುವವರು ನಾವು. ಅದು ಪಕ್ಕದ ಮನೆಗೂ ಅನ್ವಯಿಸುತ್ತದೆ ಅಲ್ವಾ?

ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಒಬ್ಬರಾದರೂ, ಯಾವ ಪಕ್ಷದವರಾದರೂ ಸರಿ, ಎದ್ದು ನಿಂತು ಒಂದು ಪ್ರಶ್ನೆ ಕೇಳಿ. ಪರೀಕ್ಷಾ ಕೇಂದ್ರದಲ್ಲಿ ಜನಿವಾರ, ಶಿವದಾರ, ತಾಳಿ, ಶಿಲುಬೆ, ಕಡಗ, ತಲೆವಸ್ತ್ರ ಇವುಗಳ ತಪಾಸಣೆ ಹೇಗೆ ನಡೆಯಬೇಕು, ಬಾಗಿಲಲ್ಲಿ ನಿಂತ ಸಿಬ್ಬಂದಿ ಏನನ್ನು ಮುಟ್ಟಬಾರದು ಅಂತ ಎಲ್ಲ ಪರೀಕ್ಷೆಗೂ ಹೊಂದುವ ಒಂದೇ ಲಿಖಿತ ನಿಯಮ ಇದೆಯೇ? ಇದ್ದರೆ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಕೇಂದ್ರದ ಬಾಗಿಲಿಗೆ ಅಂಟಿಸಲು ಹೇಳಿ. ಇಲ್ಲದಿದ್ದರೆ ಮುಂದಿನ ಸಿಇಟಿಗೆ ಮೊದಲು ಬರೆಸಿ.

ಇಂತಿ,
ಕಂದಾಯ ಇಲಾಖೆಯ ಒಬ್ಬ ನಿವೃತ್ತ ನೌಕರ